ಸಾಕು ಮೊಲಕ್ಕೆ ದಿಢೀರ್ ಪೆಟ್ಟಾದರೆ ಏನು ಮಾಡಬೇಕು?

ಮಗುವಿನ ಕೈಯಿಂದ ಜಾರಿ ಬೀಳುತ್ತದೆ. ಬಾಲ್ಕನಿಗೆ ನುಗ್ಗಿದ ಬೆಕ್ಕು ಪರಚುತ್ತದೆ. ಬಾಗಿಲ ಸಂದಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಮನೆಯ ಮೊಲಕ್ಕೆ ಪೆಟ್ಟಾಗುವುದು ಹೆಚ್ಚಾಗಿ ಹೀಗೆಯೇ. ನಾಯಿಯಾದರೆ ಕೂಗಿ ಹೇಳುತ್ತದೆ. ಮೊಲ ನೋವನ್ನು ಬಚ್ಚಿಟ್ಟುಕೊಂಡು ಮೂಲೆಯಲ್ಲಿ ಸುಮ್ನೆ ಕೂತುಬಿಡುತ್ತದೆ. ಅದು ಸುಮ್ಮನಿದೆ ಎಂದು ನೀವು ಸುಮ್ಮನಿರಬೇಡಿ.

ಮೊದಲನೆಯದು, ತಕ್ಷಣ ಬಾಚಿ ಎತ್ತಿಕೊಳ್ಳಬೇಡಿ. ಮೊಲದ ಮೂಳೆ ತುಂಬ ಹಗುರ, ಹಿಂಗಾಲಿನ ಶಕ್ತಿ ಮಾತ್ರ ಜಾಸ್ತಿ. ಹೆದರಿ ಒಮ್ಮೆ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಟಿವಿ ಆರಿಸಿ, ಮಕ್ಕಳನ್ನೂ ನಾಯಿಯನ್ನೂ ಆಚೆ ಕಳಿಸಿ, ಒಂದು ನಿಮಿಷ ದೂರದಿಂದಲೇ ನೋಡಿ. ಹಿಂಗಾಲು ಎಳೆಯುತ್ತಿದೆಯೇ? ಉಸಿರಾಟ ಹೇಗಿದೆ? ಹಿಂಗಾಲು ಆಡುತ್ತಿಲ್ಲವಾದರೆ ಬೆನ್ನಿಗೆ ಪೆಟ್ಟಾಗಿದೆ ಎಂದೇ ತಿಳಿಯಿರಿ. ಗಟ್ಟಿ ರಟ್ಟನ್ನೋ ಹಲಗೆಯನ್ನೋ ಅದರ ಪಕ್ಕಕ್ಕಿಟ್ಟು, ಮೈ ತಿರುಚದಂತೆ ಮೆಲ್ಲಗೆ ಅದರ ಮೇಲೆ ಸರಿಸಿ. ಉಳಿದ ಪೆಟ್ಟುಗಳಲ್ಲಿ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇಟ್ಟು, ಟವೆಲ್‌ನಲ್ಲಿ ಸುತ್ತಿ ಎತ್ತಿ. ಕಿವಿ ಹಿಡಿದು ಎತ್ತುವುದು ಯಾವತ್ತೂ ಬೇಡ.

ರಕ್ತ ಬರುತ್ತಿದ್ದರೆ ಶುಚಿ ಬಟ್ಟೆ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಉಗುರು ಕಿತ್ತು ಬಂದಿದ್ದರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿದರೆ ಸಾಕು. ರಕ್ತ ನಿಂತ ಸಣ್ಣ ಗಾಯವನ್ನು ಉಪ್ಪುನೀರಿನಲ್ಲಿ ತೊಳೆಯಬಹುದು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು. ಅರಿಶಿನ, ಡೆಟಾಲ್ ಹಚ್ಚಬೇಡಿ. ಮೊಲ ಸದಾ ಮೈ ನೆಕ್ಕಿಕೊಳ್ಳುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಬೆಕ್ಕು ಕಚ್ಚಿದ ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ಹಲ್ಲಿನ ಮೂಲಕ ಬ್ಯಾಕ್ಟೀರಿಯಾ ಆಳಕ್ಕೆ ಇಳಿದಿರುತ್ತದೆ.

ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ನಮಗೆ ಸಲೀಸಾಗಿ ಕೊಡುವ ಅಮಾಕ್ಸಿಸಿಲಿನ್ ಮೊಲದ ಬಾಯಿಗೆ ಬಿದ್ದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಜೀವಕ್ಕೇ ಕುತ್ತು. ನೋವಿನ ಔಷಧಿ ಬೇಕೇ ಬೇಕು, ಆದರೆ ಅದನ್ನು ತೂಕ ನೋಡಿ ವೈದ್ಯರೇ ಕೊಡಲಿ.

ಹೊರಡುವ ಮುಂಚೆ ಫೋನ್ ಮಾಡಿ, ಮೊಲ ನೋಡುತ್ತಾರಾ ಎಂದು ಕೇಳಿ. ನಾಯಿ-ಬೆಕ್ಕು ನೋಡುವವರೆಲ್ಲರಿಗೂ ಮೊಲದ ಅನುಭವ ಇರುವುದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು. ಗಾಳಿಯಾಡುವ ಪೆಟ್ಟಿಗೆಗೆ ಜಾರದಂತೆ ಟವೆಲ್ ಹಾಸಿ. ಕಿವಿ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಇಡಿ. ಜೋಡಿ ಮೊಲವಿದ್ದರೆ ಅದನ್ನೂ ಕರೆದೊಯ್ಯಿರಿ, ಗಾಬರಿ ಕಡಿಮೆಯಾಗುತ್ತದೆ.

ಗಾಯದಷ್ಟೇ ಅಪಾಯದ್ದು ಇನ್ನೊಂದಿದೆ: ಊಟ ಬಿಡುವುದು. ಮೊಲದ ಕರುಳು ಸದಾ ಓಡುತ್ತಿರಬೇಕು. ನೋವಿಗೆ ಮೇವು ಬಿಟ್ಟರೆ ಕರುಳು ನಿಲ್ಲುತ್ತದೆ, ಗ್ಯಾಸ್ ತುಂಬುತ್ತದೆ. ಎಷ್ಟೋ ಮೊಲಗಳು ಸಾಯುವುದು ಇದರಿಂದಲೇ. 12 ಗಂಟೆ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಎಂದರೆ ರಾತ್ರಿಯಾದರೂ ವೈದ್ಯರನ್ನು ಹುಡುಕಿ. ಪೆಟ್ಟಿಗೆಯಲ್ಲೇ ಒಣಹುಲ್ಲು, ಕೊತ್ತಂಬರಿ ಸೊಪ್ಪು ಇಟ್ಟಿರಿ. ಮೊಲಕ್ಕೆ ವಾಂತಿಯಾಗುವುದಿಲ್ಲ, ಆದ್ದರಿಂದ ಆಪರೇಷನ್‌ಗೆ ಮುಂಚೆ ನಾಯಿಯಂತೆ ರಾತ್ರಿಯಿಡೀ ಉಪವಾಸ ಹಾಕುವ ಅಗತ್ಯವಿಲ್ಲ. ಯಾರಾದರೂ ಹಾಗೆ ಹೇಳಿದರೆ ಮತ್ತೊಮ್ಮೆ ಕೇಳಿ, ಸಂಕೋಚ ಬೇಡ.

ಮನೆಗೆ ಬಂದ ಮೇಲೆ ಹಿಕ್ಕೆಯ ಗಾತ್ರ, ಲೆಕ್ಕ ಗಮನಿಸಿ. ಟೈಲ್ಸ್ ಮೇಲೆ ಕಾಲು ಜಾರದಂತೆ ಚಾಪೆ ಹಾಸಿ. ದಿನಕ್ಕೆರಡು ಸಲ ಗಾಯವನ್ನೂ ಬಾಲದ ಕೆಳಭಾಗವನ್ನೂ ನೋಡಿ. ಒದ್ದೆ ಜಾಗದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗುತ್ತದೆ. ಕಂಡರೆ ಅದೇ ಗಳಿಗೆಯಲ್ಲಿ ಮತ್ತೆ ಆಸ್ಪತ್ರೆಗೆ ಹೊರಡಿ.