ಅಂಗಳದ ಡಬ್ಬದಲ್ಲಿ ಮಳೆ ಲೆಕ್ಕ

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಲೆಕ್ಕದ ಪುಸ್ತಕ ತೆಗೆದರೆ ಸಾಕು, ಕಣ್ಣಲ್ಲಿ ನೀರು. ಪಕ್ಕದಲ್ಲೇ ಕೂತು ಒಂದೊಂದು ಅಂಕಿಗೂ ನಾನು ಗದರುತ್ತಿದ್ದೆ, ಅದು ತಪ್ಪು. ಆ ಜೂನ್‌ನಲ್ಲಿ ಅದನ್ನು ಬಿಟ್ಟು, ಅಂಗಳದಲ್ಲಿ ಒಂದು ಸ್ಟೀಲ್ ಡಬ್ಬ ಇಟ್ಟು, ದಿನಾ ಬೆಳಿಗ್ಗೆ ಮಳೆ ಅಳೆಯೋದು ನಿನ್ನ ಕೆಲಸ ಅಂದೆ.

ಡಬ್ಬ ಮೇಲಿಂದ ಕೆಳಗೆ ಒಂದೇ ಅಗಲ ಇರಬೇಕು, ಬಕೆಟ್ ಆಗಲ್ಲ. ಮರ, ಸೂರಿನಿಂದ ದೂರ ಇಡಬೇಕು. ಸ್ಕೇಲ್ ಇಳಿಸಿ ನೀರು ಎಷ್ಟು ಮಿಲಿಮೀಟರ್ ನಿಂತಿದೆ ಅಂತ ನೋಡಿದರೆ ಅಷ್ಟೇ ಮಳೆ. ಸ್ಕೇಲಿನ ತುದಿಯಲ್ಲಿ ಸೊನ್ನೆಗೆ ಮುಂಚೆ ಸ್ವಲ್ಪ ಖಾಲಿ ಜಾಗ ಇರುತ್ತಲ್ಲ, ಅದನ್ನೂ ಸೇರಿಸಬೇಕು ಅಂತ ಅವಳೇ ಕಂಡುಕೊಂಡಳು.

ಮೂರನೇ ದಿನ ಕೇಳಿದಳು, "ಅಮ್ಮ, ದೊಡ್ಡ ಡಬ್ಬ ಇಟ್ಟರೆ ಜಾಸ್ತಿ ಬರುತ್ತೆ ಅಲ್ವಾ?" ಉತ್ತರ ಹೇಳದೆ ಸುಮ್ನೆ ಅಕ್ಕಿ ಡಬ್ಬ ಖಾಲಿ ಮಾಡಿಕೊಟ್ಟೆ. ಮರುದಿನ ಎರಡರಲ್ಲೂ 42! ಮೂರು ಸಲ ಸ್ಕೇಲ್ ಇಳಿಸಿ ನೋಡಿದಳು. ಆಮೇಲೆ ನಿಧಾನಕ್ಕೆ, "ನೀರು ಜಾಸ್ತಿನೇ ಬಿದ್ದಿದೆ, ಹರಡೋಕೆ ಜಾಗಾನೂ ಜಾಸ್ತಿ ಇದೆ" ಅಂದಳು. ನನಗೆ ಮೈ ಜುಮ್ಮೆಂದಿತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು, ಇಷ್ಟು ಮಾತ್ರ ಹೇಳಿದೆ. ಟೇಪು ಹಿಡಿದು ಅಂಗಳ ಅಳೆದಳು, 6 ಮೀಟರ್ ಉದ್ದ, 5 ಮೀಟರ್ ಅಗಲ. 30 ಇಂಟು 42, 1260 ಲೀಟರ್. ನಮ್ಮ 200 ಲೀಟರಿನ ಡ್ರಮ್ಮು ಆರು ತುಂಬಿ ಇನ್ನೂ 60 ಲೀಟರ್ ಮಿಗುತ್ತೆ ಅಂತ ಅಜ್ಜಿ ಹತ್ತಿರ ಓಡಿದಳು.

ಪುನರ್ವಸು ಮಳೆ ಜೋರಾದಾಗ ಪೇಪರಿನಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ ನೋಡೋಕೆ ಶುರುಮಾಡಿದಳು. ಭರ್ತಿ ಮಟ್ಟ 1819 ಅಡಿ. ಅವತ್ತು 1786.40 ಇತ್ತು. ತುಂಬೋಕೆ ಇನ್ನೂ 33.40 ಬೇಕು ಅಂತ ಬರೆದಳು. ತಪ್ಪು ಅನ್ನಲಿಲ್ಲ. "ನೀನೇ ನೀರು, ಹತ್ತುತ್ತಾ ಹೋಗು ಪುಟ್ಟಿ" ಅಂದೆ. 1786.40ರಿಂದ 1787ಕ್ಕೆ .60, ಅಲ್ಲಿಂದ 1819ಕ್ಕೆ 32. "ಅಯ್ಯೋ, 32.60!" ತಾನೇ ಹೊಡೆದು ತಿದ್ದಿದಳು. ದಶಮಾಂಶದ ಕಳೆಯುವ ಲೆಕ್ಕ ನಾನು ವಾರಗಟ್ಟಲೆ ಹೇಳಿಕೊಟ್ಟರೂ ತಲೆಗೆ ಹತ್ತಿರಲಿಲ್ಲ.

ಮಾಡಿ ನೋಡುವವರು ಡಬ್ಬದ ಸುತ್ತ ಮೂರು ಕಲ್ಲು ಇಡಿ. ಒಂದು ರಾತ್ರಿ ಗಾಳಿಗೆ ನಮ್ಮದು ಉರುಳಿಬಿಟ್ಟಿತ್ತು. ಅಂದಾಜಿಗೆ ಒಂದು ಅಂಕಿ ಬರಿ ಅಂದರೆ ಅವಳು ಒಪ್ಪಲಿಲ್ಲ, ಆ ದಿನದ ಸಾಲಿಗೆ ಬರೀ ಗೆರೆ ಎಳೆದಳು.