ಡೇಟಾಬೇಸ್ ಬೇಡ ಅಂದೆ, 26 ಬಿಟ್ ಸಾಕಾಯಿತು

ಜೆ, ಕ್ಯೂ, ಎಲ್ ಮೂರೂ ಇರುವ ಇಂಗ್ಲಿಷ್ ಪದ ಯಾವುದು? ಕ್ರಮ ಹೇಗಾದರೂ ಇರಲಿ, ನಡುವೆ ಬೇರೆ ಅಕ್ಷರ ಎಷ್ಟಾದರೂ ಬರಲಿ. ಈ ಹುಡುಕಾಟವನ್ನು ಸರ್ವರ್ ಇಲ್ಲದೆ ಬ್ರೌಸರ್ ಒಳಗೇ ಮಾಡುತ್ತೇನೆ ಅಂದಾಗ ಜೊತೆಯವರು ನಕ್ಕರು. ಈಗ ಹಳೇ ಫೋನಿನಲ್ಲೂ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತದೆ. ಮೇಲಿನ ಪ್ರಶ್ನೆಗೆ ಉತ್ತರ ಜಾಂಕ್ವಿಲ್, ಒಂದು ಹೂವು.

ಶುರು ಮಾಡಿದ್ದು ಎಲ್ಲರ ಹಾಗೆ ಗ್ರೆಪ್‌ನಿಂದಲೇ, ಅಂದರೆ ಫೈಲಿನಲ್ಲಿ ಅಕ್ಷರ ಹುಡುಕುವ ಕಮಾಂಡ್‌ನಿಂದ. ಒಂದರ ಫಲಿತಾಂಶ ಇನ್ನೊಂದಕ್ಕೆ ಹೋಗುವಂತೆ ಪೈಪ್ ಹಾಕಿದರೆ ಮುಗಿಯಿತು, ನನ್ನ ಮಟ್ಟಿಗೆ ಅದೇ ಸಾಕಿತ್ತು. ಬೇರೆಯವರಿಗೂ ಕೊಡೋಣ ಅಂತ ಹೊರಟಾಗ ತಲೆನೋವು ಬಂತು.

ಮೊದಲು ಡೇಟಾಬೇಸ್. ಪ್ರತಿ ಅಕ್ಷರಕ್ಕೂ ಒಂದು ಲೈಕ್ (ಡೇಟಾಬೇಸಿನಲ್ಲಿ ಹುಡುಕುವ ಆದೇಶ), ಎರಡೂ ಬದಿಗೆ ಪರ್ಸೆಂಟ್ ಚಿಹ್ನೆ, ಅಂದರೆ ಅಲ್ಲಿ ಏನು ಬೇಕಾದರೂ ಬರಲಿ. ಇಂಡೆಕ್ಸ್, ಅಂದರೆ ಬೇಗ ಹುಡುಕಲು ಅಕಾರಾದಿ ಸೂಚಿ, ಹಾಕು ಅಂದರು ಜೊತೆಯವರು. ಮುಂದುಗಡೆ ಪರ್ಸೆಂಟ್ ಇದ್ದರೆ ಮಾಮೂಲಿ ಇಂಡೆಕ್ಸ್ ಏನು ಮಾಡುತ್ತದೆ? ಸುಮ್ನೆ ಕೂತಿರುತ್ತದೆ. ಪದವನ್ನು ಮೂರು ಮೂರು ಅಕ್ಷರದ ತುಂಡು ಮಾಡಿ ಸೂಚಿ ಹಾಕುವ ಟ್ರೈಗ್ರಾಮ್ ಅಂದರು. ಅದಕ್ಕೆ ಮೂರು ಅಕ್ಷರ ಅಕ್ಕಪಕ್ಕ ಬೇಕು, ನಮ್ಮವು ಚೆಲ್ಲಾಪಿಲ್ಲಿ. ಬಳಕೆದಾರ ಒಂದೊಂದು ಅಕ್ಷರ ಒತ್ತಿದಾಗಲೂ ಇಡೀ ಟೇಬಲ್ ಓದಬೇಕು. ಸಣ್ಣ ಸರ್ವರ್ ಏದುಸಿರು ಬಿಟ್ಟಿತು, ದೊಡ್ಡದು ತಗೊಂಡೆ, ಬಿಲ್ ಹೆಚ್ಚುಕಮ್ಮಿ ಮೂರು ಪಟ್ಟಾಯಿತು. ನಡುವೆ ದುಡ್ಡು ಕೊಟ್ಟು, ಬೇರೆಯವರ ಸರ್ವರ್‌ನಿಂದ ಉತ್ತರ ತರುವ ಒಂದು ಎಪಿಐ ಕೂಡ ನೋಡಿದೆ. ಅಲ್ಲಿ ಪ್ರತಿ ಕೋರಿಕೆಗೂ ಲೆಕ್ಕ. ಜನ ಬ್ಯಾಕ್‌ಸ್ಪೇಸ್ ಒತ್ತಿದರೂ ನನ್ನ ಜೇಬಿಗೇ ಕತ್ತರಿ. ಸೈಟಿನಿಂದ ಒಂದು ಪೈಸೆ ಬರುತ್ತಿರಲಿಲ್ಲ.

ಪದಪಟ್ಟಿಯದ್ದು ಬೇರೆಯೇ ಗೋಳು. ಮ್ಯಾಕ್‌ನಲ್ಲಿ ಬರುವ ಪಟ್ಟಿಯಲ್ಲಿ ಸುಮಾರು 2.35 ಲಕ್ಷ ಪದಗಳಿವೆ. ಆದರೆ ಅದರ ಮೂಲ 1934ರ ವೆಬ್‌ಸ್ಟರ್ ನಿಘಂಟು. ಯಾರೂ ಕೇಳದ ಪದಗಳು ರಾಶಿ, ಬೇಕಾದ ಬಹುವಚನಗಳೇ ನಾಪತ್ತೆ. ಪದದಾಟ ಆಡುವವರು ಇದನ್ನು ನೋಡಿದರೆ ಬೈಯುತ್ತಾರೆ. ಕೊನೆಗೆ ಪದದಾಟಕ್ಕೆಂದೇ ಇರುವ ಎನೇಬಲ್ ಪಟ್ಟಿ ಹಿಡಿದೆ. ಸುಮಾರು 1.73 ಲಕ್ಷ ಪದ, ಎರಡು ಎಂಬಿ ಒಳಗೆ, ಯಾರು ಬೇಕಾದರೂ ಬಳಸಬಹುದು. ಅಷ್ಟು ಸಣ್ಣ ಫೈಲ್ ಎದುರಿಗಿದ್ದಾಗಲೇ ನನಗೆ ಅನಿಸಿದ್ದು, ಇದಕ್ಕೆ ಡೇಟಾಬೇಸ್ ಯಾಕೆ?

ಇಂಗ್ಲಿಷಿಗೆ 26 ಅಕ್ಷರ, ಒಂದು ಪೂರ್ಣಾಂಕಕ್ಕೆ 32 ಬಿಟ್, ಅಂದರೆ ಆನ್ ಅಥವಾ ಆಫ್ ಆಗುವ 32 ಜಾಗ. ಪ್ರತಿ ಪದಕ್ಕೂ ಒಂದು ಸಂಖ್ಯೆ, ಇರುವ ಅಕ್ಷರದ ಬಿಟ್ ಆನ್. ಹುಡುಕಬೇಕಾದ ಅಕ್ಷರಗಳಿಗೂ ಹಾಗೇ ಒಂದು ಸಂಖ್ಯೆ. ಎರಡನ್ನೂ ಆ್ಯಂಡ್ ಮಾಡಿ (ಎರಡರಲ್ಲೂ ಆನ್ ಇರುವ ಬಿಟ್ ಮಾತ್ರ ಉಳಿಸಿ), ಹುಡುಕಾಟದ ಸಂಖ್ಯೆಯೇ ವಾಪಸ್ ಬಂದರೆ ಪದ ಸಿಕ್ಕಿತು. ಇಡೀ ಪಟ್ಟಿಯ ಸಂಖ್ಯೆಗಳು ಏಳು ನೂರು ಕೆಬಿಯೂ ಆಗಲಿಲ್ಲ. ಮಿಕ್ಕ ಆರು ಬಿಟ್‌ಗಳಲ್ಲಿ ಐದರಲ್ಲಿ ಪದದ ಉದ್ದ ತುಂಬಿದೆ. ಆರನೆಯದರಲ್ಲಿ ಏನಿದೆ ಅಂತ ಹೇಳುವುದಿಲ್ಲ, ಕೋಡ್ ಬರೆಯುವವರು ಯೋಚಿಸಿ!

"ಅಕ್ಷರ ಎರಡು ಸಲ ಬಂದರೆ ಏನು ಮಾಡ್ತೀಯ?" ಅಂತ ಕೇಳಿದರು. ಸರಿಯಾದ ಪ್ರಶ್ನೆಯೇ. ಬನಾನಾ ಪದದಲ್ಲಿ ಆನ್ ಆಗುವುದು ಮೂರೇ ಬಿಟ್. ಪಿ ಒಂದು, ಝಡ್ ಎರಡು ಬೇಕು ಅಂದರೆ ಪಿಜ್ಜಾ ಜೊತೆ ಜಿಪ್ ಕೂಡ ಬಂದುಬಿಡುತ್ತದೆ. ಅದಕ್ಕೇ ಜರಡಿ ಹಿಡಿದ ಮೇಲೆ ಉಳಿದವನ್ನಷ್ಟೇ ಎಣಿಸುತ್ತೇನೆ. ಉಳಿಯುವುದು ಕೆಲವೇ ಪದ, ಎಣಿಕೆಗೆ ಹೊತ್ತೇ ಹಿಡಿಯದು.

ಈ ಎಣಿಕೆಯೂ ಬೇಡ ಅಂತ ಅವಿಭಾಜ್ಯ ಸಂಖ್ಯೆಗಳ ದಾರಿಗೂ ಕೈ ಹಾಕಿದ್ದೆ. ಇ ಗೆ 2, ಟಿ ಗೆ 3, ಹೀಗೆ ಅಪರೂಪದ ಅಕ್ಷರಕ್ಕೆ 101 ವರೆಗೆ. ಎಲ್ಲ ಗುಣಿಸು, ಶೇಷವಿಲ್ಲದೆ ಭಾಗವಾದರೆ ಪದ ಸಿಕ್ಕಿತು. ಎರಡು ಸಲ ಬರುವ ಅಕ್ಷರವೂ ತಾನಾಗೇ ಸರಿಹೋಗುತ್ತದೆ. ಓದಲು ಬಲು ಚಂದ. ಆದರೆ ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಸಂಖ್ಯೆ 53 ಬಿಟ್ ದಾಟಿದರೆ ನಿಖರತೆ ಹೋಯಿತು, ಉದ್ದ ಪದಗಳೆಲ್ಲ ಕೈಕೊಟ್ಟವು. ದೊಡ್ಡ ಸಂಖ್ಯೆಗೆಂದೇ ಇರುವ ಬಿಗ್‌ಇಂಟ್ ಹಾಕಿದರೆ ಆಮೆ ನಡಿಗೆ. ಬಿಟ್ಟುಬಿಟ್ಟೆ.

ನಕ್ಕವರ ಬಾಯಿ ಮುಚ್ಚಿಸಲು 2022ರ ಕಥೆ ನೆರವಾಯಿತು. ಒಂದೂ ಅಕ್ಷರ ಮರುಕಳಿಸದೆ 25 ಅಕ್ಷರ ಬರುವಂಥ, ಐದೈದು ಅಕ್ಷರದ ಐದು ಪದ ಹುಡುಕಲು, ಯೂಟ್ಯೂಬ್‌ನಲ್ಲಿ ಗಣಿತ ಹೇಳುವ ಮ್ಯಾಟ್ ಪಾರ್ಕರ್ ಬರೆದ ಪ್ರೋಗ್ರಾಮ್ ಸುಮಾರು ಒಂದು ತಿಂಗಳು ಓಡಿತ್ತು. ಅವರ ವಿಡಿಯೋ ನೋಡುಗರು ಅದನ್ನೇ ತಿದ್ದಿ ತಿದ್ದಿ ಒಂದು ಸೆಕೆಂಡಿಗಿಂತ ಕೆಳಗೆ ಇಳಿಸಿದರು. ಅಲ್ಲೂ ದೊಡ್ಡ ಕೆಲಸ ಮಾಡಿದ್ದು ಇದೇ ಬಿಟ್‌ಗಳು. ನಾನೂ ಬರೆದು ನೋಡಿದೆ, ಫ್ಯೋರ್ಡ್, ನಿಂಫ್, ವಾಲ್ಟ್ಸ್ ಇರುವ ಐದರ ಗುಂಪು ನನಗೂ ಸಿಕ್ಕಿತು. ಅದರಲ್ಲೇ ಒಂದು ವಾರಾಂತ್ಯ ಹೋಯಿತು ಬಿಡಿ.

ಈಗ ಸರ್ವರ್ ಬಿಲ್ ಸೊನ್ನೆ. ಪಟ್ಟಿ ಒಮ್ಮೆ ಇಳಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ನೀವು ಮಾಡುವುದಾದರೆ ಒಂದು ಮಾತು: ಹೊಸ ಅಕ್ಷರ ಸೇರಿದಾಗ ಇಡೀ ಪಟ್ಟಿ ಮತ್ತೆ ನೋಡಬೇಡಿ, ಹಿಂದಿನ ಫಲಿತಾಂಶದೊಳಗೇ ಹುಡುಕಿ. ಹಳೆಯ ಫಲಿತಾಂಶಗಳನ್ನು ಸ್ಟ್ಯಾಕ್‌ನಲ್ಲಿ, ಅಂದರೆ ಒಂದರ ಮೇಲೊಂದು ಪೇರಿಸಿ ಇಟ್ಟರೆ, ಬ್ಯಾಕ್‌ಸ್ಪೇಸ್ ಒತ್ತಿದಾಗ ಮತ್ತೆ ಹುಡುಕುವ ಕೆಲಸ ಇಲ್ಲ. ಬಳಕೆಯ ಪದಗಳನ್ನು ಮೇಲೆ ತರುವುದು ಹೇಗೆ ಅಂತ ಕೆಲವರು ಕೇಳುತ್ತಿದ್ದಾರೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.