ಮೇಕಪ್ ಡಬ್ಬಿ ಸುರುವಿ, ಚೀಟಿ ಓದಿ

ಹಳೆಯ ಪತ್ರಿಕೆ ಒಂದು, ಮಾರ್ಕರ್ ಪೆನ್ನು ಒಂದು, ಕ್ಯಾಮೆರಾ ಇರುವ ಫೋನು. ಮುಖಕ್ಕೆ, ಕೂದಲಿಗೆ ಹಚ್ಚುವ ಸಾಮಾನಿನಲ್ಲಿ ಅಪಾಯದ್ದು ಯಾವುದೆಂದು ಬೇರ್ಪಡಿಸಲು ಇಷ್ಟಿದ್ದರೆ ಸಾಕು. ಪತ್ರಿಕೆ ಹಾಸಿ, ಕನ್ನಡಿ ಮುಂದಿನ ಡಬ್ಬಿ, ಬಚ್ಚಲುಮನೆಯ ಗೂಡು, ವ್ಯಾನಿಟಿ ಬ್ಯಾಗು ಮೂರನ್ನೂ ಅದರ ಮೇಲೆ ಸುರುವಿ. ಜಾತ್ರೆಯಲ್ಲಿ ಕೊಂಡ ಕಾಡಿಗೆ, ದುಬೈಯಿಂದ ಯಾರೋ ತಂದುಕೊಟ್ಟ ಕ್ರೀಮು, ಅರ್ಧ ಉಳಿದ ಮೆಹಂದಿ ಕೋನು, ಎಲ್ಲವೂ ಬರಲಿ. ಮನೆಯ ಗಂಡಸರು ಬಚ್ಚಿಟ್ಟ ಹೇರ್ ಡೈಯನ್ನೂ ಬಿಡಬೇಡಿ.

ಮೊದಲ ಕೆಲಸ: ಚೀಟಿ ಇಲ್ಲದ್ದನ್ನು ಬೇರೆ ಮಾಡಿ

ತಯಾರಕರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ. ಇವು ಪೊಟ್ಟಣದ ಮೇಲೆ ಇರಬೇಕು. ಹೊರದೇಶದ ಮಾಲಾದರೆ ಆಮದು ಮಾಡಿದವರ ಹೆಸರು ಮತ್ತು ನೋಂದಣಿ ಸಂಖ್ಯೆಯೂ ಬೇಕು. ಅಕ್ಷರ ಇರುವೆ ಸಾಲಿನಂತೆ ಕಂಡರೆ ಫೋನಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿ. ಇವೇನೂ ಇಲ್ಲದ್ದನ್ನು ಎರಡನೇ ಯೋಚನೆಯಿಲ್ಲದೆ ಒಂದು ಬದಿಗೆ ತಳ್ಳಿ. ‘ಹರ್ಬಲ್’ ಎಂದು ಎಲೆಯ ಚಿತ್ರ ಬರೆದಿದ್ದರೂ ರಿಯಾಯಿತಿ ಬೇಡ. ನನ್ನನ್ನು ಕೇಳಿದರೆ, ಇಷ್ಟು ಮಾಡಿ ಕೈ ತೊಳೆದುಕೊಂಡರೂ ಅರ್ಧ ಅಪಾಯ ಕಳೆದಂತೆಯೇ.

ಎರಡನೆಯದು: ಬೆಳ್ಳಗೆ ಮಾಡುವ ಕ್ರೀಮು

ಇಲ್ಲಿ ಸ್ವಲ್ಪ ಹೊತ್ತು ಕೂರಿ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ವೈದ್ಯರು ಪರಿಶೀಲಿಸಿದರು. ಅವರಲ್ಲಿ 15 ಮಂದಿಗಿದ್ದದ್ದು ಅಪರೂಪದ ಒಂದು ಬಗೆ. ಆ 15ರಲ್ಲಿ 13 ಮಂದಿ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದವರು. ಕ್ರೀಮು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಅಪರಾಧಿ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ಅದು ತಡೆಯುತ್ತದೆ, ಹಾಗಾಗಿ ಮುಖ ಬೆಳ್ಳಗಾಗುವುದು ಸುಳ್ಳಲ್ಲ. ಆದರೆ ಅದೇ ಪಾದರಸ ಚರ್ಮದೊಳಗೆ ಇಳಿದು ಮೂತ್ರಪಿಂಡ ಸೇರುತ್ತದೆ. ಕ್ರೀಮಿನಿಂದ ಆವಿಯಾಗಿ, ಟವೆಲ್ಲು ದಿಂಬುಗಳಿಗೆ ಮೆತ್ತಿಕೊಂಡು, ಅದನ್ನು ಎಂದೂ ಹಚ್ಚದ ಮಗುವನ್ನೂ ಮುಟ್ಟುತ್ತದೆ.

ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಕ್ರೀಮಿನಲ್ಲಿ, ಬೇಕೆಂದು ಬೆರೆಸದೆ ತಾನಾಗಿ ಸೇರಿದ ಪಾದರಸವೂ 1 ಪಿಪಿಎಂ, ಅಂದರೆ ಒಂದು ಕಿಲೋಗೆ ಒಂದು ಮಿಲಿಗ್ರಾಂ ಮೀರಬಾರದು. ಚೀಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂಬ ಹೆಸರುಗಳನ್ನು ಹುಡುಕಿ. ಕಳ್ಳಮಾಲಿನವರು ಬರೆಯುವುದಿಲ್ಲ ಎನ್ನಿ. ಆದರೂ ಒಮ್ಮೊಮ್ಮೆ ಅವರ ಬಾಯಿಂದಲೇ ಹೊರಬೀಳುತ್ತದೆ: ‘ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ’ ಎಂಬ ಎಚ್ಚರಿಕೆ ಕಂಡರೆ ಅದು ಪಾದರಸದ ಸುಳಿವು. ಮುಖಕ್ಕೆ ಹಚ್ಚುವ ಕ್ರೀಮು ಉಂಗುರಕ್ಕೆ ತಾಗಬಾರದೆಂದರೆ ಏನರ್ಥ?

ಸಂಶಯದ ಡಬ್ಬಿಯನ್ನು ಸಿಂಕಿನಲ್ಲಿ ತೊಳೆಯಬೇಡಿ. ಬಾಯಿ ಕಟ್ಟಿದ ಕವರಿನಲ್ಲಿ ಹಾಕಿ, ಮೇಲೆ ಬರೆದು, ಮಕ್ಕಳಿಗೆ ಸಿಗದ ಕಡೆ ಇಡಿ. ಅದನ್ನು ಹಚ್ಚುತ್ತಿದ್ದವರಿಗೆ ಕಾಲು ಊದಿಕೊಂಡಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬೇಡಿ.

ಮೆಡಿಕಲ್ ಶಾಪಿನಲ್ಲಿ ‘ಮುಖಕ್ಕೆ ಏನಾದ್ರೂ ಕೊಡಿ ಅಣ್ಣಾ’ ಎಂದು ತಂದ ಟ್ಯೂಬು ಇದೆಯೇ? ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಔಷಧವಾಗಿ ಒಳ್ಳೆಯದೇ, ಆದರೆ ವೈದ್ಯರು ಹೇಳಿದಷ್ಟು ದಿನಕ್ಕೆ ಮಾತ್ರ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಬಿಟ್ಟ ಕೂಡಲೇ ಮುಖ ಉರಿಯತೊಡಗುತ್ತದೆ. ಆ ಉರಿಗೆ ಹೆದರಿ ಮತ್ತೆ ಹಚ್ಚುವುದು, ಮತ್ತೆ ಉರಿ. ಆದ್ದರಿಂದ ಇದನ್ನು ಮಾತ್ರ ನೀವೇ ನಿಲ್ಲಿಸಲು ಹೋಗದೆ ಚರ್ಮವೈದ್ಯರನ್ನು ಕಂಡು ನಿಲ್ಲಿಸಿ.

ಮೂರನೆಯದು: ಹಣೆ ಮತ್ತು ಕಣ್ಣು

ಅರಿಶಿನದ ಕೊಂಬನ್ನು ನಿಂಬೆರಸ, ಬಿಳಿಗಾರ, ಪಟಿಕದಲ್ಲಿ ನೆನೆಸಿ ಒಣಗಿಸಿ ಪುಡಿ ಮಾಡಿದ್ದು ಹಳೆಯ ಕುಂಕುಮ. ಇಂದಿನ ಅಗ್ಗದ ಪೊಟ್ಟಣದಲ್ಲಿ ಕೃತಕ ಬಣ್ಣವಿರಬಹುದು, ಕೆಲವು ಸಿಂಧೂರಗಳಲ್ಲಿ ಸೀಸವೂ ಸಿಕ್ಕಿದೆ. ಸೀಸವನ್ನು ಮನೆಯಲ್ಲಿ ಕಣ್ಣಳತೆಯಿಂದ ಪತ್ತೆಹಚ್ಚಲಾಗದು. ಆದ್ದರಿಂದ ದೇವರಿಗೆ ಏರಿಸುವ ಕುಂಕುಮ ಬೇರೆ, ಹಣೆಗಿಡುವುದು ಬೇರೆ ಎಂದು ಎರಡು ಭರಣಿ ಮಾಡಿಕೊಳ್ಳಿ. ಸ್ಟಿಕ್ಕರ್ ಬೊಟ್ಟಿನ ತೊಂದರೆ ಅದರ ಅಂಟಿನಲ್ಲಿದೆ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬುದು ಬಣ್ಣ ತಯಾರಿಸುವ ಜೀವಕೋಶಗಳನ್ನೇ ಕೊಲ್ಲುತ್ತದೆ, ಬೊಟ್ಟಿನ ಜಾಗದಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಬೊಟ್ಟು ತೆಗೆದಾಗ ನವೆಯಿದ್ದರೆ ಅಂದಿನಿಂದಲೇ ಬಿಡಿ. ರಾತ್ರಿಯಂತೂ ಕನ್ನಡಿಗೆ ಅಂಟಿಸಿ ಮಲಗಿ, ನಮ್ಮ ಅಮ್ಮಂದಿರು ಮಾಡುತ್ತಿದ್ದಂತೆ.

ಕಣ್ಣಿಗೆ ಹಚ್ಚುವ ಸುರ್ಮಾ ಪುಡಿಯ ಮೂಲವಸ್ತು ಹಲವೆಡೆ ಸೀಸದ ಸಲ್ಫೈಡ್ ಅದಿರು. ಕೂಸಿನ ಕಣ್ಣಿಗೆ ಕಾಡಿಗೆಯನ್ನೂ ಹಚ್ಚಬೇಡಿ. ಅಜ್ಜಿ ಮುನಿಸಿಕೊಂಡರೆ ದೃಷ್ಟಿಬೊಟ್ಟನ್ನು ಅಂಗಾಲಿಗೆ ಇಡಲಿ.

ನಾಲ್ಕನೆಯದು: ಕಪ್ಪು ಬಣ್ಣ

ಮದರಂಗಿ ಎಲೆ ಕೊಡುವುದು ಕಿತ್ತಳೆ, ಮರುದಿನಕ್ಕೆ ಕಂದುಗೆಂಪು. ಹತ್ತೇ ನಿಮಿಷದಲ್ಲಿ ಕಪ್ಪಾಗುವ ಕೋನಿನಲ್ಲಿ ಎಲೆಗಿಂತ ಬೇರೇನೋ ಇದೆ. ಅದು ಹೆಚ್ಚಾಗಿ ಪಿಪಿಡಿ, ಪೂರ್ತಿ ಹೆಸರು ಪ್ಯಾರಾ ಫಿನೈಲೀನ್ ಡೈಅಮೀನ್. ಹೇರ್ ಡೈಯಲ್ಲಿರುವುದೂ ಇದೇ. ಒಮ್ಮೆ ಇದರ ಅಲರ್ಜಿ ಹತ್ತಿತೆಂದರೆ ಬಹುಮಟ್ಟಿಗೆ ಜೀವನಪೂರ್ತಿ. ಹತ್ತು ವರ್ಷದ ಹುಡುಗಿ ಮದುವೆಮನೆಯಲ್ಲಿ ಕೈಗೆ ಹಾಕಿಸಿಕೊಂಡ ಕಪ್ಪು ಮೆಹಂದಿಯ ಲೆಕ್ಕ, ಅವಳು ನಲವತ್ತರಲ್ಲಿ ತಲೆಗೆ ಡೈ ಹಚ್ಚಿದಾಗ ಮುಖ ಊದಿ ಚುಕ್ತಾ ಆಗಬಹುದು.

ಡೈ ಬಿಡಲಾಗದವರು ಪ್ರತಿ ಸಲವೂ ಹೀಗೆ ಮಾಡಿ: ಕಿವಿಯ ಹಿಂದೆ ಇಲ್ಲವೇ ಮುಂಗೈ ಒಳಬದಿಯಲ್ಲಿ ಒಂದು ಚುಕ್ಕಿ ಹಚ್ಚಿ ಒಣಗಲು ಬಿಡಿ. ಒಂದು ದಿನ ಕಳೆದು ತೊಳೆಯಿರಿ, ಇನ್ನೊಂದು ದಿನ ಕಾಯಿರಿ. ಕೆಂಪಾದರೆ, ಕೆರೆತ ಬಂದರೆ ಆ ಡಬ್ಬಿ ಮುಗಿಯಿತು. ಹುಬ್ಬಿಗೆ, ರೆಪ್ಪೆಗೆ ಎಂದಿಗೂ ಬೇಡ. ಕಣ್ಣೇ ಹೋಗಬಹುದೆಂದು ಪೊಟ್ಟಣದ ಮೇಲೆ ಬರೆಯಬೇಕೆಂದು ಕಾನೂನೇ ಹೇಳುತ್ತದೆ.

ಪ್ಯಾರಾಬೆನ್ ಭಯ

ಇಷ್ಟೊತ್ತಿಗೆ ‘ಪ್ಯಾರಾಬೆನ್ ಬಗ್ಗೆ ಹೇಳಲೇ ಇಲ್ಲವಲ್ಲ’ ಎಂದು ಯಾರಾದರೂ ಕೇಳಿಯಾರು. ಅದು ಹಾರ್ಮೋನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂಬ ಮಾತು ಹಬ್ಬಿದೆ. ನನ್ನ ಮಟ್ಟಿಗೆ ಆ ಭಯ ತೂಕಕ್ಕಿಂತ ಹೆಚ್ಚು. ಕ್ರೀಮು ಕೊಳೆಯದಂತೆ ಕಾಯುವ ಪ್ಯಾರಾಬೆನ್‌ಗೆ ಹೆದರಿ ಹಲವು ಕಂಪನಿಗಳು ಅದೇ ಕೆಲಸಕ್ಕೆ ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಇನ್ನೊಂದು ರಾಸಾಯನಿಕ ಬಳಸಿದವು. ಅದರಿಂದ ಅಲರ್ಜಿ ಎಷ್ಟು ಹೆಚ್ಚಿತೆಂದರೆ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ವೈದ್ಯರ ಸಂಘ 2013ರಲ್ಲಿ ಅದನ್ನೇ ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು. 2019ರಲ್ಲಿ ಅದೇ ಸಂಘ ಪ್ಯಾರಾಬೆನ್‌ಗೆ ‘ಅಲರ್ಜಿಕಾರಕ ಅಲ್ಲದ್ದು’ ಎಂಬ ಪಟ್ಟ ಕಟ್ಟಿತು! ‘ಪ್ಯಾರಾಬೆನ್ ಫ್ರೀ’ ಎಂದು ನೂರು ರೂಪಾಯಿ ಜಾಸ್ತಿ ಕೊಡುವ ಮೊದಲು, ಅದರ ಬದಲಿಗೆ ಏನು ಹಾಕಿದ್ದಾರೆಂದು ಓದಿ.

ಉಳಿದ ಡಬ್ಬಿಗಳು

ಬಾಯಿ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಎಂದಿರುತ್ತದೆ. ಮುಚ್ಚಳ ತೆರೆದ ಮೇಲೆ ಅಷ್ಟೇ ತಿಂಗಳು. ತೆರೆದ ತಾರೀಖನ್ನು ಮಾರ್ಕರಿನಲ್ಲಿ ಬರೆಯಿರಿ. ಪಾರ್ಲರಿನಲ್ಲಿ ಕೂದಲು ನೇರ ಮಾಡಿಸುವವರು ದ್ರಾವಣದ ಬಾಟಲಿ ಕೇಳಿ ನೋಡಿ: ಫಾರ್ಮಾಲ್ಡಿಹೈಡ್, ಫಾರ್ಮಲಿನ್, ಮಿಥಿಲೀನ್ ಗ್ಲೈಕಾಲ್ ಇದ್ದರೆ ಎದ್ದು ಬನ್ನಿ. ಬಿಸಿಗೆ ಫಾರ್ಮಾಲ್ಡಿಹೈಡ್ ವಿಷಾನಿಲವಾಗಿ ಹೊರಡುತ್ತದೆ, ನಿಮಗಿಂತ ಹೆಚ್ಚು ಉಸಿರಾಡುವವಳು ಅಲ್ಲಿ ದಿನವಿಡೀ ಕೆಲಸ ಮಾಡುವ ಹುಡುಗಿ.

ಬದಿಗಿಟ್ಟ ಮಾಲಿನ ಬಗ್ಗೆ ಔಷಧ ನಿಯಂತ್ರಣ ಇಲಾಖೆಯ ಡ್ರಗ್ಸ್ ಇನ್ಸ್‌ಪೆಕ್ಟರ್‌ಗೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಬಿಲ್ಲು ಇದ್ದರೆ ಜೋಪಾನ. ಚರ್ಮಕ್ಕೆ ಏನಾದರೂ ಆಗಿ ವೈದ್ಯರ ಬಳಿ ಹೊರಟರೆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ‘ಯಾವುದೋ ಗುಲಾಬಿ ಬಣ್ಣದ ಕ್ರೀಮು ಡಾಕ್ಟ್ರೇ’ ಎಂದರೆ ಅವರಾದರೂ ಏನು ಮಾಡಿಯಾರು?